ಮಾಮಾನಿಗಿಂತ ಮೊದಲಿನ ತುತ್ತು

ಹೋದ ತಿಂಗಳು ಸೊಲ್ಲಾಪುರದಿಂದ ಮಗಳು ಸುಮಾ ತನ್ನ ಏಳು ತಿಂಗಳ ಮಗನನ್ನು ಎತ್ತಿಕೊಂಡು ಬಂದಿದ್ದಳು. ಕೂಸು ಒಂದು, ಅದರ ಊಟದ ಸರಂಜಾಮು ಎರಡು ಚೀಲ. ಉಮರ್ಗಾದಿಂದ ಉದಗೀರಕ್ಕೆ ಹೊರಟ ಕಾರಿನಲ್ಲಿ ಆ ಚೀಲಗಳಿಗೆ ಪೂರ್ತಿ ಸೀಟು ಸಿಕ್ಕಿತು, ನನಗೆ ಅಂಚು ಸಿಕ್ಕಿತು. ಹನ್ನೊಂದು ಗಂಟೆಗೆ ಸರಿಯಾಗಿ ಕೂಸಿಗೆ ಕುಂಬಳಕಾಯಿ ಬೇಯಿಸಿ ಅರೆದದ್ದನ್ನು ತಿನ್ನಿಸಬೇಕಂತೆ. ಸುಮಾ ಚಮಚ ಹಿಡಿದಳು, ನಾನು ಗಿಲಕಿ ಆಡಿಸಿದೆ, ನನ್ನ ಹೆಂಡತಿ ಶಾರದಾ ಕಾಗೆ ಕೂಗಿದ ಹಾಗೆ ಕೂಗಿದಳು. ಕೂಸು ಮೂವರನ್ನೂ ಸಾವಕಾಶವಾಗಿ ನೋಡಿ, ಬಾಯಲ್ಲಿದ್ದ ಕುಂಬಳಕಾಯಿಯನ್ನು ನನ್ನ ಕನ್ನಡಕದ ಮೇಲೆ ಉಗುಳಿತು.

ನಮ್ಮನ್ನು ಉದಗೀರದ ತನ್ನ ಮನೆಗೆ ಕರೆದೊಯ್ಯಲು ಬಂದು ಮುಂದಿನ ಸೀಟಿನಲ್ಲಿ ಕೂತಿದ್ದ ಬಸಣ್ಣ ತಿರುಗಿ ನೋಡಿದ. ಬಸಣ್ಣ ಶಾರದೆಯ ಅಣ್ಣ, ಸುಮಾಳ ಸೋದರಮಾವ. ಅವನು ತನ್ನ ಬಲಗೈಯನ್ನು ಎತ್ತಿ ಮೊಮ್ಮಗನಿಗೆ ತೋರಿಸಿ, "ನಿಮ್ಮವ್ವಗ ಮೊದಲನೇ ತುತ್ತು ಈ ಕೈಲೆ ತಿನ್ನಸೀನಿ. ಆಕಿ ಹಿಂಗ ಉಗುಳಿಲ್ಲ ನೋಡು" ಎಂದ.

ಈ ಮಾತನ್ನು ಬಸಣ್ಣ ಸುಮಾಳ ಶಾಲೆಯ ಮೊದಲ ದಿನ ಹೇಳಿದ್ದಾನೆ, ಮದುವೆಯಲ್ಲಿ ಬೀಗರ ಮುಂದೆ ಹೇಳಿದ್ದಾನೆ, ಸೀಮಂತದಲ್ಲಿ ಕೇಳುವವರು ಯಾರೂ ಇಲ್ಲದಾಗ ಅಡುಗೆಯವನಿಗೆ ಹೇಳಿದ್ದಾನೆ. ಪ್ರತಿ ಸಲವೂ ನಾನು ಮತ್ತು ಶಾರದಾ ಒಬ್ಬರನ್ನೊಬ್ಬರು ನೋಡುವುದಿಲ್ಲ. ಅಂದೂ ಆಕೆ ಆ ಕಿಟಕಿಯಿಂದ ಹೊರಗೆ ನೋಡಿದಳು, ನಾನು ಈ ಕಿಟಕಿಯಿಂದ. ನಾನು ನೋಡಿದ ಕಡೆ ಕಬ್ಬಿನ ಹೊಲವಿತ್ತು. ಮುಂದೆ ಒಂದು ಸಣ್ಣ ಸೇತುವೆ ಬಂತು, ಹೋಯಿತು. ಆ ಸೇತುವೆಯ ಮೇಲೆ ನಡೆದದ್ದನ್ನು ನಾವಿಬ್ಬರೂ ಇಷ್ಟು ವರ್ಷ ಬೇರೆ ಯಾರಿಗೂ ಹೇಳಿಲ್ಲ. ನಿಮಗೆ ಹೇಳುತ್ತೇನೆ.

ನಮ್ಮ ಭಾಗದಲ್ಲಿ ಆ ದೊಡ್ಡ ಭೂಕಂಪವಾಗಿ ಎರಡು ಮೂರು ವರ್ಷ ಕಳೆದಿದ್ದವು. ನಾನು ಆಳಂದ ಕಡೆಯವನು, ಉಮರ್ಗಾ ಹತ್ತಿರದ ಕನ್ನಡ ಶಾಲೆಯೊಂದರಲ್ಲಿ ಮಾಸ್ತರ. ಉಮರ್ಗಾದಲ್ಲಿ ನಮ್ಮದು ಬಾಡಿಗೆ ಮನೆ. ತಲೆಯ ಮೇಲೆ ಕಲ್ಲು ಮಣ್ಣು ಬೇಡವೇ ಬೇಡ ಎಂದು ಮನೆಯ ಮಾಲೀಕರು ಮಾಳಿಗೆ ಇಳಿಸಿ ತಗಡಿನ ಪತ್ರಾ ಹಾಕಿಸಿದ್ದರು. ಮಧ್ಯಾಹ್ನ ಒಳಗೆ ಕೂತರೆ ನಾವೇ ಬೇಯುತ್ತಿದ್ದೆವು. ಆ ಮನೆಯಲ್ಲಿ ನಾನು, ಶಾರದಾ, ಏಳು ತಿಂಗಳ ಸುಮಾ, ಮತ್ತು ನನ್ನ ಅತ್ತೆ ಕಾಶಮ್ಮನವರು. ಅತ್ತೆಯವರ ಊರು ಕಾಸಾರ ಶಿರಸಿ ಹತ್ತಿರದ ಒಂದು ಹಳ್ಳಿ. ಅಲ್ಲಿಯ ಮನೆ ಬಿದ್ದಿತ್ತು, ಪುಣ್ಯಕ್ಕೆ ಆ ರಾತ್ರಿ ಅವರು ಅಂಗಳದಲ್ಲಿ ಮಲಗಿದ್ದರು. ಹೊಸ ಮನೆ ಮಂಜೂರಾಗಿದ್ದರೂ ಗೋಡೆ ಎದೆಯ ಮಟ್ಟಕ್ಕೆ ಬಂದು ನಿಂತಿತ್ತು. ಮಗ ಬಸಣ್ಣ ಉದಗೀರದ ಒಂದು ದಾಲ್ ಮಿಲ್ಲಿನಲ್ಲಿ ಕೆಲಸಕ್ಕಿದ್ದ, ಅವನದು ಒಂದೇ ಕೋಣೆ. ಹಾಗಾಗಿ ಅತ್ತೆಯವರು ಮಗಳ ಮನೆಗೆ ಬಂದರು.

ಬಂದರು ಅಂದರೆ, ಬಂದೂ ಬರದ ಹಾಗೆ ಇದ್ದರು. ಅಳಿಯನ ಮನೆಯಲ್ಲಿ ಇರಬೇಕಾಯಿತಲ್ಲ ಎಂಬ ಸಂಕೋಚ ಅವರಿಗೆ ಎಷ್ಟಿತ್ತೆಂದರೆ, ನಾನು ಒಳಗೆ ಬಂದ ಕೂಡಲೇ ಸೆರಗು ಹಣೆಯವರೆಗೆ ಇಳಿಯುತ್ತಿತ್ತು, ಮುಖ ಗೋಡೆಯ ಕಡೆ ತಿರುಗುತ್ತಿತ್ತು. ನನ್ನೊಡನೆ ಒಂದು ಮಾತೂ ಆಡುತ್ತಿರಲಿಲ್ಲ. ಸುಮಾ ಹುಟ್ಟುವ ತನಕ ನಮ್ಮಿಬ್ಬರ ನಡುವೆ ಶಾರದೆಯೇ ಟಪಾಲು. ಸುಮಾ ಹುಟ್ಟಿದ ಮೇಲೆ ಆ ಕೆಲಸ ಸುಮಾಳಿಗೆ ಬಂತು. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, "ನಿಮ್ಮ ಅಪ್ಪಗ ಹೇಳವ್ವ, ಸೀಮಿಎಣ್ಣಿ ಮುಗದಾದ" ಎನ್ನುವರು. ನಾನೂ ಕೂಸಿನ ಮುಖ ನೋಡಿಯೇ, ಸಂಜೆ ತರುತ್ತೇನೆ ಎಂದು ಹೇಳು ಎನ್ನುತ್ತಿದ್ದೆ. ಕೂಸು ಎರಡೂ ಕಡೆಯವರಿಗೆ ಜೊಲ್ಲು ಸುರಿಸಿ ತೋರಿಸುತ್ತಿತ್ತು. ಒಂದು ಸಲ ಅದು ನಿದ್ದೆ ಹೋಗಿತ್ತು, ಅಕ್ಕಿ ಮುಗಿದ ಸುದ್ದಿ ನನಗೆ ಎರಡು ತಾಸು ತಡವಾಗಿ ಬಂತು.

ಆ ಮನೆಯಲ್ಲಿ ಆಗ ಒಂದು ತಕರಾರು ನಡೆದಿತ್ತು. ಶಾರದೆಗೆ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತ್ತು. ಆರು ತಿಂಗಳು ತುಂಬಿದ ಕೂಸಿಗೆ ಮೆತ್ತಗಿನ ಅನ್ನ, ಬೇಳೆ, ಹಣ್ಣು ಶುರು ಮಾಡಬೇಕು ಎಂದು ಆಕೆ ಊರಿನ ತಾಯಂದಿರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಆದರೆ ಮನೆಗೆ ಬಂದರೆ ಆಕೆಯ ತಾಯಿಯೇ ಕೇಳುತ್ತಿರಲಿಲ್ಲ. ನಮ್ಮ ಕಡೆ ಕೂಸಿಗೆ ಮೊಟ್ಟಮೊದಲು ಅನ್ನದ ರುಚಿ ತೋರಿಸುವ ಕಾರ್ಯಕ್ಕೆ ಉಷ್ಟಾವಣ ಎನ್ನುತ್ತಾರೆ, ಅದನ್ನು ಮಾಡಬೇಕಾದವನು ಸೋದರಮಾವ. ಬಸಣ್ಣನಿಗೆ ಮಿಲ್ಲಿನಲ್ಲಿ ರಜೆ ಸಿಗಬೇಕು, ಒಳ್ಳೆಯ ದಿನ ಬರಬೇಕು, ಅವನ ಮನೆಯಲ್ಲೇ ಆಗಬೇಕು. ಅಲ್ಲಿಯವರೆಗೆ ಹಾಲು ನಡೆಯುತ್ತದೆ, ಒಂದು ಅಗುಳು ಮಾತ್ರ ಕೂಸಿನ ಬಾಯಿಗೆ ಹೋಗಕೂಡದು. ಈಗ ಯೋಚಿಸಿದರೆ ಅತ್ತೆಯವರ ಹಟ ನನಗೆ ಅರ್ಥವಾಗುತ್ತದೆ. ಮನೆ ಬಿದ್ದುಹೋಗಿತ್ತು, ತಾವು ಅಳಿಯನ ಅನ್ನ ಉಣ್ಣುತ್ತಿದ್ದರು. ತಮ್ಮ ಮಗನ ಕಡೆಯಿಂದ ಈ ಮನೆಗೆ ಕೊಡಲು ಉಳಿದದ್ದು ಆ ಒಂದು ತುತ್ತು. ಆಗ ನನಗೆ ಇಷ್ಟೆಲ್ಲ ತಿಳಿಯಲಿಲ್ಲ. ತಾಯಿ ಮಗಳು ವಾದಕ್ಕೆ ನಿಂತರೆ ನಾನು ಪರೀಕ್ಷೆಯ ಪೇಪರು ತಿದ್ದಲು ಕೂಡುತ್ತಿದ್ದೆ. ಆ ವರ್ಷ ನನ್ನಷ್ಟು ಶ್ರದ್ಧೆಯಿಂದ ಪೇಪರು ತಿದ್ದಿದ ಮಾಸ್ತರ ತಾಲೂಕಿನಲ್ಲೇ ಇರಲಿಲ್ಲ.

ಕೊನೆಗೆ ಒಂದು ಭಾನುವಾರ ಗೊತ್ತಾಯಿತು. ಅದರ ಹಿಂದಿನ ಶನಿವಾರವೇ ಶಾರದೆಗೆ ಉದಗೀರದಲ್ಲಿ ಒಂದು ದಿನದ ತರಬೇತಿ ಬಂತು. ಕೂಸುಗಳಿಗೆ ಹೇಗೆ ಉಣಿಸಬೇಕು ಎಂದು ಕಲಿಸುವ ತರಬೇತಿ, ಅದಕ್ಕೆ ಕೂಸನ್ನು ಕರೆದುಕೊಂಡು ಬರುವಂತಿಲ್ಲ. ಶಾರದಾ ಬೆಳಗಿನ ಮೊದಲ ಬಸ್ಸಿಗೆ ಹೋದಳು. ನನ್ನ ಶನಿವಾರದ ಶಾಲೆ ಮುಗಿದ ಮೇಲೆ ನಾನು, ಅತ್ತೆಯವರು, ಕೂಸು ಹೊರಡುವುದು. ನಿಲಂಗಾದಲ್ಲಿ ಬಸ್ಸು ಬದಲಿಸಿ ಸಂಜೆಗೆ ಉದಗೀರ. ದಾರಿಗೆ ಕೂಸಿಗೆಂದು ಥರ್ಮಾಸಿನಲ್ಲಿ ಹಾಲು, ಒಂದು ಬಟ್ಟಲು, ಒಂದು ಚಮಚ.

ಉಮರ್ಗಾ ನಿಲ್ದಾಣದಲ್ಲಿ ಬಸ್ಸಿಗೆ ನೂಕುನುಗ್ಗಲು. ಸೀಟು ಹಿಡಿಯಲೆಂದು ನಾನು ಶೂರನಂತೆ ಕಿಟಕಿಯಿಂದ ಚೀಲ ಒಳಗೆ ಒಗೆದೆ. ಸೀಟು ಸಿಕ್ಕಿತು. ಎಲ್ಲರೂ ಕೂತ ಮೇಲೆ, ಆ ಚೀಲದಲ್ಲಿ ಥರ್ಮಾಸ್ ಇತ್ತು ಎಂಬುದು ನೆನಪಾಯಿತು. ಮೆಲ್ಲಗೆ ಅಲ್ಲಾಡಿಸಿದೆ. ಒಳಗೆ ಬಳೆಯಂಗಡಿ ಸದ್ದು. ಅತ್ತೆಯವರು ಸೆರಗಿನೊಳಗಿಂದಲೇ ಕೇಳಿಸಿಕೊಂಡರು, ಕೂಸಿಗೂ ಏನೂ ಹೇಳಲಿಲ್ಲ. ಅದು ನನಗೆ ಬೈಗುಳಕ್ಕಿಂತ ಜಾಸ್ತಿಯಾಯಿತು. ಕೂಸಿನ ಹೊಟ್ಟೆ ತುಂಬಿದೆ, ನಿಲಂಗಾದಲ್ಲಿ ಹಾಲು ಸಿಗುತ್ತದೆ, ಒಂದೂವರೆ ತಾಸಿನ ಮಾತು ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡೆ.

ಕಾಸಾರ ಶಿರಸಿ ಇನ್ನೂ ಮುಂದಿರುವಾಗ ಆ ಸಣ್ಣ ಸೇತುವೆಯ ಮೇಲೆ ಬಸ್ಸು ನಿಂತಿತು. ಮುರುಮದ ಸಕ್ಕರೆ ಕಾರ್ಖಾನೆಗೆ ಹೊರಟಿದ್ದ ಕಬ್ಬಿನ ಗಾಡಿಯೊಂದರ ಅಚ್ಚು ಮುರಿದು, ಗಾಡಿ ಅಡ್ಡ ಬಿದ್ದು, ಸೇತುವೆಯ ತುಂಬ ಕಬ್ಬು. ಎತ್ತುಗಳು ಕೊರಳು ಬಿಡಿಸಿಕೊಂಡು ಹಾಯಾಗಿ ನಿಂತಿದ್ದವು. ಗಾಡಿಯವನು ಬೇರೆ ಗಾಡಿ ತರಲು ಹೋಗಿದ್ದನಂತೆ. ಜನ ಕೆಳಗಿಳಿದು ಎರಡು ನಿಮಿಷ ಮರುಕಪಟ್ಟರು, ಮೂರನೆಯ ನಿಮಿಷಕ್ಕೆ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕಬ್ಬು. ಡ್ರೈವರು ತಿನ್ನುತ್ತಿದ್ದ, ಕಂಡಕ್ಟರು ತಿನ್ನುತ್ತಿದ್ದ, ಕರಿ ಕೋಟಿನ ವಕೀಲರೊಬ್ಬರು ಸಿಪ್ಪೆ ದೂರ ಉಗುಳಿ ತಿನ್ನುತ್ತಿದ್ದರು. ಮಾಸ್ತರನಾದ ನಾನು ಮೊದಲು ಬೇಡವೆಂದು, ಆಮೇಲೆ ಅರ್ಧ ಗಳ ಇಸಿದುಕೊಂಡೆ.

ಆಗ ಸುಮಾ ಎದ್ದಳು. ಕಣ್ಣು ಬಿಟ್ಟರೆ ಸುತ್ತಲೂ ಐವತ್ತು ಬಾಯಿಗಳು ಅಗಿಯುತ್ತಿವೆ, ತನ್ನ ಬಾಯಿ ಖಾಲಿ. ಆಕೆ ಅಳತೊಡಗಿದಳು. ಮೊದಲು ಅತ್ತೆಯವರು ಎತ್ತಿಕೊಂಡು ತಿರುಗಿದರು, ಆಮೇಲೆ ನಾನು ತಿರುಗಿದೆ, ಆಮೇಲೆ ವಕೀಲರೂ ಒಂದು ಸುತ್ತು ಹೊತ್ತು ತಿರುಗಿದರು. ಅಳು ಏರುತ್ತಲೇ ಹೋಯಿತು. ಕಂಡಕ್ಟರು ಜೇಬಿನಿಂದ ಬಿಸ್ಕೀಟು ತೆಗೆದು, "ಬಾಳಾಲಾ ಬಿಸ್ಕಿಟ್ ದ್ಯಾ ನಾ, ಮಾವಶಿ" ಎಂದು, ಕೂಸಿಗೆ ಕೊಡಿರೆಂದು ಅತ್ತೆಯವರಿಗೆ ಮರಾಠಿಯಲ್ಲಿ ಹೇಳಿದ. ಅತ್ತೆಯವರು ತಲೆ ಅಲ್ಲಾಡಿಸಿದರು. ಒಬ್ಬರು ಕಬ್ಬಿನ ರಸ ಹಿಂಡಿ ಕೊಡಿ ಎಂದರು, ಇನ್ನೊಬ್ಬರು ಬೆಲ್ಲ ನೆಕ್ಕಿಸಿ ಎಂದರು. ಎಲ್ಲದಕ್ಕೂ ತಲೆ ಅಡ್ಡಡ್ಡ. ಕಡೆಗೆ ಅಳುವ ಕೂಸಿನ ಕಿವಿಗೆ ಬಾಯಿಟ್ಟು, "ನಿಮ್ಮ ಅಪ್ಪಗ ಹೇಳವ್ವ, ನಾಳಿ ಮಾಮಾ ತಿನ್ನಸೂದದ. ಅಲ್ಲೀತನಕ ತಡೀಬೇಕಂತ" ಎಂದರು. ಆ ಗದ್ದಲದಲ್ಲಿ ಸಂದೇಶ ನನಗೆ ಮುಟ್ಟಿತು, ಕೂಸಿಗೆ ಮುಟ್ಟಲಿಲ್ಲ.

ನಮ್ಮ ಬಸ್ಸಿನಲ್ಲೇ ಮಾಳವ್ವ ಎಂಬ ಕುರಿ ಕಾಯುವ ಮನೆತನದ ಮುದುಕಿಯೊಬ್ಬಳಿದ್ದಳು. ಬೀರಪ್ಪನ ಗುಡಿಗೆ ನಡೆದುಕೊಳ್ಳಲು ನಿಲಂಗಾ ಕಡೆ ಹೊರಟವಳು. ಹೆಗಲ ಮೇಲೆ ಕಂಬಳಿ, ಕಂಬಳಿಯೊಳಗೆ ಒಂದು ಆಡಿನ ಮರಿ. ಮರಿಗೆ ಟಿಕೆಟು ಬೇಕೆಂದು ಕಂಡಕ್ಟರನೂ, ಅದು ತನ್ನ ಮೊಮ್ಮಗ ಎಂದು ಈಕೆಯೂ ದಾರಿಯುದ್ದಕ್ಕೂ ವಾದಿಸಿದ್ದರು. ಈಗ ಆಕೆ ಸೇತುವೆಯ ಕಟ್ಟೆಯ ಮೇಲೆ ಕೂತು ಮರಿಗೆ ಕಬ್ಬಿನ ಎಲೆ ಕೊಡುತ್ತಿದ್ದಳು. ನಾನು ಕೂಸನ್ನು ಮರಿಯ ಹತ್ತಿರ ಒಯ್ದೆ. ಸುಮಾ ತಟ್ಟನೆ ಸುಮ್ಮನಾದಳು. ಮರಿ ದವಡೆಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಆಡಿಸುತ್ತಿತ್ತು. ಸುಮಾ ಕಣ್ಣು ಕೀಳದೆ ನೋಡಿ, ನಿಧಾನಕ್ಕೆ ತನ್ನ ದವಡೆಯನ್ನೂ ಹಾಗೇ ಆಡಿಸತೊಡಗಿದಳು. ಖಾಲಿ ಬಾಯಿ, ಕೆನ್ನೆಯ ಮೇಲೆ ಕಣ್ಣೀರು, ಮರಿಯ ಜೊತೆ ಮೆಲುಕು. ಥರ್ಮಾಸ್ ಒಗೆದ ಕೈ ನನ್ನದೇ ಅಲ್ಲವೇ.

ಮಾಳವ್ವ ಗಂಟು ಬಿಚ್ಚಿ ಒಂದು ಅಲ್ಯುಮಿನಿಯಂ ಡಬ್ಬಿ ತೆಗೆದಳು. ಜೋಳದ ನುಚ್ಚಿಗೆ ನಾಲ್ಕು ಎಲೆ ಮೆಂತ್ಯದ ಸೊಪ್ಪು ಹಾಕಿ, ಬೆಣ್ಣೆಯ ಹಾಗೆ ಬೇಯಿಸಿದ ಅಡುಗೆ. ಖಾರವಿಲ್ಲ, ಗಟ್ಟಿಯಿಲ್ಲ. ನನ್ನ ಮುಖದ ಅನುಮಾನ ನೋಡಿ ಆಕೆ ಬಾಯಿ ಅಗಲಿಸಿ ಬೊಚ್ಚು ವಸಡು ತೋರಿಸಿದಳು.

"ನಿಮ್ಮ ಕೂಸಿಗಿ ಹಲ್ಲಿಲ್ಲ, ನನಗೂ ಹಲ್ಲಿಲ್ಲ. ಇಬ್ಬರದೂ ಊಟ ಒಂದೇ ಅದ. ಕೊಡ್ರಿ ಮಾಸ್ತರ."

ನಾನು ಅತ್ತೆಯವರ ಕಡೆ ನೋಡಿದೆ. ಅವರು ನನ್ನನ್ನು ನೋಡಲಿಲ್ಲ, ಕೂಸನ್ನೂ ನೋಡಲಿಲ್ಲ. ಬೆನ್ನು ತಿರುಗಿಸಿ ನಿಂತು ಕಬ್ಬಿನ ಹೊಲವನ್ನು ನೋಡತೊಡಗಿದರು. ಆ ಹೊಲದಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಅವರ ಬೆನ್ನು ಬೇಡ ಅನ್ನುತ್ತಿದೆಯೋ ಬೇಗ ಅನ್ನುತ್ತಿದೆಯೋ ನನಗೆ ತಿಳಿಯಲಿಲ್ಲ, ಬೇಗ ಎಂದು ತಿಳಿದುಕೊಂಡೆ.

ಕೂಸಿಗೆ ಉಣಿಸುವುದರಲ್ಲಿ ನನ್ನ ಅನುಭವ ಶೂನ್ಯ. ನಾನು ನನಗೆ ಉಣ್ಣುವ ಅಳತೆಯಲ್ಲೇ ಒಂದು ತುತ್ತು ಕಲಸಿ, ಸುಮಾಳ ಬಾಯಿಗಿಟ್ಟೆ. ಆಕೆ ಬಾಯಿ ತೆರೆದ ರಭಸಕ್ಕೆ ನನ್ನ ಬೆರಳೂ ಒಳಗೆ ಹೋಯಿತು. ಮರುಕ್ಷಣ ಆಕೆಯ ಕಣ್ಣು ದೊಡ್ಡವಾದವು, ಮುಖ ಕೆಂಪಾಯಿತು, ಗಂಟಲಲ್ಲಿ ಗಕ್ ಎಂದಿತು. ಆಗ ಹಿಂದಿನಿಂದ ಒಂದು ಕೈ ಬಂದು ಕೂಸನ್ನು ಕಿತ್ತುಕೊಂಡಿತು, ಬೋರಲು ಹಾಕಿ ಬೆನ್ನಿಗೆ ನಾಲ್ಕು ಏಟು ಕೊಟ್ಟಿತು, ತುತ್ತು ಹೊರಗೆ ಬಂದು ವಕೀಲರ ಬೂಟಿನ ಮೇಲೆ ಬಿತ್ತು. ಅತ್ತೆಯವರ ಸೆರಗು ಹೆಗಲಿಗೆ ಜಾರಿತ್ತು. ಅವರು ನೇರವಾಗಿ ನನ್ನ ಕಣ್ಣಲ್ಲಿ ಕಣ್ಣಿಟ್ಟು, ಎರಡು ವರ್ಷದಲ್ಲಿ ಮೊದಲನೆಯ ಸಲ ನನ್ನ ಜೊತೆ ಮಾತಾಡಿದರು.

"ಎತ್ತಿಗಿ ಮೇವು ಹಾಕ್ಲಿಕತ್ತೀ ಏನು? ಸರಿ ಅತ್ತಾಗ. ನಿನಗ ಬರಾಂಗಿಲ್ಲ."

ರೀ ಇಲ್ಲ, ನೀವು ಇಲ್ಲ. ನಾನು ಸರಿದೆ. ಅತ್ತೆಯವರು ಕಟ್ಟೆಯ ಮೇಲೆ ಕೂತು, ಕಿರುಬೆರಳ ತುದಿಗೆ ಅಕ್ಕಿಕಾಳಿನಷ್ಟು ನುಚ್ಚು ತೆಗೆದು, ಎರಡು ಬೆರಳಲ್ಲಿ ನುರಿದು, ಸುಮಾಳ ನಾಲಿಗೆಯ ಮೇಲೆ ಸವರಿದರು. ಸುಮಾ ಚಪ್ಪರಿಸಿದಳು. ಮತ್ತೆ ಬಾಯಿ ತೆರೆದಳು. ಕೂಸಿಗೊಂದು ಬೆರಳು, ಮಾಳವ್ವನಿಗೊಂದು ತುತ್ತು, ಹೀಗೆ ಒಂದೇ ಡಬ್ಬಿಯಿಂದ ಊಟ ನಡೆಯಿತು. ಕಂಡಕ್ಟರು ಪಕ್ಕದಲ್ಲಿ ನಿಂತು ಪ್ರತಿ ತುತ್ತಿಗೂ ತಾನೂ ಬಾಯಿ ತೆರೆದು ಮುಚ್ಚುತ್ತಿದ್ದ. ಡಬ್ಬಿ ಖಾಲಿಯಾದಾಗ ಸುಮಾಳ ಹುಬ್ಬಿನ ಮೇಲೆ ಒಂದು ಮೆಂತ್ಯದ ಎಲೆ ಇತ್ತು. ಅತ್ತೆಯವರು ಅದನ್ನು ಒರೆಸಿದರು, ಕೈ ತೊಳೆದರು, ಸೆರಗನ್ನು ಮತ್ತೆ ಹಣೆಗೆ ಎಳೆದುಕೊಂಡರು.

"ನಿಮ್ಮ ಅಪ್ಪಗ ಹೇಳವ್ವ," ಎಂದರು ಕೂಸಿಗೆ, "ಇದು ಇಲ್ಲೇ ಮುಗೀತಂತ. ಉದಗೀರಕ್ಕ ಬರಬಾರದಂತ."

ಆಯಿತು ಎಂದು ಹೇಳು ಅಂದೆ. ಬಂದ ಗಾಡಿಗೆ ಎಲ್ಲರೂ ಸೇರಿ ಕಬ್ಬು ಹೇರಿದೆವು, ತಿಂದ ಋಣಕ್ಕೆ. ನಿಲಂಗಾದಲ್ಲಿ ಇಳಿದಾಗ ಮಾಳವ್ವ ಹೆಸರು ಕೇಳದೆ, ಊರು ಕೇಳದೆ, ಕೂಸಿನ ಕೆನ್ನೆ ಹಿಂಡಿ ಕಂಬಳಿಯೊಳಗಿನ ಮರಿಯ ಸಮೇತ ಜನರಲ್ಲಿ ಕಲೆತು ಹೋದಳು.

ಉದಗೀರಕ್ಕೆ ನಾವು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಬೆಳಗಿನಿಂದ ಕೂಸನ್ನು ಬಿಟ್ಟಿದ್ದ ಶಾರದಾ ಓಡಿ ಬಂದು ಎತ್ತಿಕೊಂಡಳು. ಹಸಿದು ಕಂಗಾಲಾಗಿರಬೇಕಾದ ಕೂಸು ತಾಯಿಯನ್ನು ನೋಡಿ ನಕ್ಕು, ಒಂದು ಸಣ್ಣ ತೇಗು ತೇಗಿತು. ಶಾರದಾ ನಮ್ಮಿಬ್ಬರ ಮುಖ ನೋಡಿದಳು. ಹಾಲೆಲ್ಲ ಕುಡಿಯಿತು ಎಂದು ಅತ್ತೆಯವರೂ, ಥರ್ಮಾಸ್ ಒಡೆಯಿತು ಎಂದು ನಾನೂ ಒಂದೇ ಉಸಿರಿಗೆ ಹೇಳಿಬಿಟ್ಟೆವು. ಒಡೆದ ಥರ್ಮಾಸಿನ ಹಾಲು ಹೇಗೆ ಕುಡಿಯಿತು ಎಂದು ಆಕೆ ಕೇಳಿದಳು. ನಿಲಂಗಾದ ಹಾಲು ಎಂದು ಅತ್ತೆಯವರೂ, ಒಡೆಯುವ ಮೊದಲಿನ ಹಾಲು ಎಂದು ನಾನೂ ಹೇಳಿದೆವು.

ಮರುದಿನ ಬೆಳಗ್ಗೆ ನಾನು ಹಿತ್ತಲ ಬಾಗಿಲಲ್ಲಿ ಚಹಾ ಕುಡಿಯುತ್ತ ನಿಂತಿದ್ದೆ. ಶಾರದಾ ಒಗೆಯುವ ಕಲ್ಲಿನ ಹತ್ತಿರ ಕೂಸಿನ ಬಟ್ಟೆ ತೊಳೆಯುತ್ತಿದ್ದಳು. ಒಂದು ಲಂಗೋಟಿಯನ್ನು ಬಿಚ್ಚಿ, ಬೆಳಕಿಗೆ ಹಿಡಿದು, ಬಹಳ ಹೊತ್ತು ಅಭ್ಯಾಸ ಮಾಡಿದಳು. ಹಾಲು ಕುಡಿಯುವ ಕೂಸಿನ ಲಂಗೋಟಿಯಲ್ಲಿ ಹಸಿರು ಎಲೆ ಇರುವುದಿಲ್ಲ. ಇದು ಆಕೆಗೆ ಹಿಂದಿನ ದಿನದ ತರಬೇತಿಯಲ್ಲಿ ಹೇಳಿಕೊಟ್ಟಿದ್ದರೋ ಇಲ್ಲವೋ, ಗೊತ್ತಂತೂ ಆಯಿತು. ಆಕೆ ನನ್ನ ಕಡೆ ನೋಡಿದಳು. ನಾನು ಚಹಾದ ಬಟ್ಟಲಿನೊಳಗೆ ಇಣುಕಿದೆ. ಆಕೆ ಅದನ್ನು ಒಗೆದು ಹಿಂಡಿ ಒಣಹಾಕಿದಳು.

ಉಷ್ಟಾವಣ ಚೆಂದವಾಗಿ ನಡೆಯಿತು. ಬಸಣ್ಣ ಹೊಸ ಅಂಗಿ ತೊಟ್ಟಿದ್ದ, ಅದರ ಬೆನ್ನಿನ ಚೀಟಿ ಹಾಗೇ ಇತ್ತು. ಮಿಲ್ಲಿನ ಜೊತೆಗಾರರು ಸಂಸಾರ ಸಮೇತ ಬಂದು ಆ ಒಂದೇ ಕೋಣೆಯಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತರು. ಬೆಳ್ಳಿಯ ಬಟ್ಟಲಲ್ಲಿ ಅಕ್ಕಿಯ ಖೀರು. ತುತ್ತು ಹತ್ತಿರ ಬರುವ ಮೊದಲೇ ಸುಮಾ ಬಾಯಿ ಅಗಲಿಸಿದಳು, ಚಪ್ಪರಿಸಿದಳು, ಬಟ್ಟಲನ್ನೇ ಎರಡೂ ಕೈಯಿಂದ ಹಿಡಿದೆಳೆದಳು. ಕೂತವರೆಲ್ಲ ಬೆರಗಾದರು. ತಮ್ಮ ಮಕ್ಕಳು ಹೇಗೆ ಮುಖ ಕಿವುಚಿದ್ದವು, ಹೇಗೆ ವಾಂತಿ ಮಾಡಿದ್ದವು ಎಂದು ಹೆಂಗಸರು ಹೇಳಿಕೊಂಡರು. ಬಸಣ್ಣನ ಕಣ್ಣಲ್ಲಿ ನೀರು ಬಂತು. "ಮಾಮಾನ ಕೈ ಅಂತ ಗುರ್ತಾ ಹಿಡದಾದ ನೋಡ್ರಿ" ಎಂದ. ನಾನೂ ಕಣ್ಣು ಒರೆಸಿಕೊಂಡೆ. ನನ್ನದು ಭಯದ ಬೆವರು.

ಮಂದಿ ಹೋದ ಮೇಲೆ ಶಾರದಾ ನನ್ನನ್ನೂ ತಾಯಿಯನ್ನೂ ಹಿತ್ತಲಿಗೆ ಕರೆದಳು. ನಿನ್ನೆ ಕೂಸಿಗೆ ಸೊಪ್ಪು ತಿನ್ನಿಸಿದವರು ಯಾರು ಎಂದು ಮೆಲ್ಲಗೆ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆಯವರು ಮುಂದೆ ಬಂದರು.

"ನಾ ತಿನ್ನಸೀನಿ. ಅವರು ಬ್ಯಾಡ ಅಂತಿದ್ರು, ನಾನೇ ಕೇಳಿಲ್ಲ. ಅವರಿಗಿ ಏನೂ ಅನಬ್ಯಾಡ."

ಅಳಿಯನ ತಪ್ಪನ್ನು ಹೀಗೆ ಮೈಮೇಲೆ ಹಾಕಿಕೊಂಡ ಅತ್ತೆಯನ್ನು ನಾನು ಕಂಡಿರಲಿಲ್ಲ. ಇಲ್ಲ, ಮೊದಲ ತುತ್ತು ನನ್ನದೇ ಎಂದು ನಾನೂ ಒಪ್ಪಿಕೊಂಡೆ. ಇಬ್ಬರೂ ಅಪರಾಧಕ್ಕೆ ಜಗ್ಗಾಡುವುದನ್ನು ನೋಡಿ ಶಾರದಾ ಒಣಗಿದ ಲಂಗೋಟಿಯಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ನಗು ತಡೆದ ಮೇಲೆ ಆಕೆ ಹೇಳಿದ್ದು ಇಷ್ಟು: ಹದಿನೈದು ದಿನದಿಂದ ಆಕೆಯೇ, ತಾಯಿ ಹಿಟ್ಟಿನ ಗಿರಣಿಗೋ ಗುಡಿಗೋ ಹೋದ ಹೊತ್ತು ನೋಡಿ, ಕೂಸಿಗೆ ಬಾಳೆಹಣ್ಣು ಹಿಚುಕಿ ತಿನ್ನಿಸುತ್ತಿದ್ದಳು. ಊರವರಿಗೆಲ್ಲ ಹೇಳಿ ತನ್ನ ಕೂಸಿಗೆ ಕೊಡದಿದ್ದರೆ ಹೇಗೆ ಎಂದು.

ನನಗೆ ಆಗ ಒಂದು ವಿಷಯ ಹೊಳೆಯಿತು. ಮನೆಯಲ್ಲಿ ಅರ್ಧರ್ಧ ಬಾಳೆಹಣ್ಣು ಮಾಯವಾಗುತ್ತಿದ್ದುದನ್ನು ನಾನು ಗಮನಿಸಿದ್ದೆ. ಪಾಪ, ಸಂಕೋಚದ ಅತ್ತೆಯವರು ಅರ್ಧ ತಿಂದು ಅರ್ಧ ಇಡುತ್ತಾರೆ ಎಂದುಕೊಂಡು ದಿನಾ ಒಂದೆರಡು ಹೆಚ್ಚೇ ತರುತ್ತಿದ್ದೆ. ಇದನ್ನು ಹೇಳಿದೆ. ಅತ್ತೆಯವರು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. ಅಳುತ್ತಾರೆಂದು ನಾನು ಹೆದರಿದೆ. ಅವರ ಹೆಗಲು ಅಲ್ಲಾಡುತ್ತಿದ್ದವು. ಸೆರಗು ಸರಿಸಿದಾಗ ನೋಡಿದರೆ ನಗು, ಅದೂ ಸದ್ದಿಲ್ಲದ, ಕಣ್ಣೀರು ಬರಿಸುವ ನಗು. ಒಳಗಿನಿಂದ ಬಸಣ್ಣ ಏನಾಯಿತು ಎಂದು ಕೂಗಿದ. ಮೂವರೂ ಏನಿಲ್ಲ ಎಂದೆವು, ಈ ಸಲ ಒಂದೇ ಮಾತು ಬಂತು.

ಆಮೇಲೆ ಅತ್ತೆಯವರು ಇನ್ನೊಂದು ವರ್ಷ ನಮ್ಮಲ್ಲಿದ್ದರು. ಹೊಸ ಮನೆಗೆ ಹೋಗುವ ದಿನ ಹೊಸ್ತಿಲಲ್ಲಿ ನಿಂತು, ನಿನ್ನ ಹೆಂಡತಿಗೆ ಅಡುಗೆಯಲ್ಲಿ ಉಪ್ಪು ಜಾಸ್ತಿ, ನೀನಾದರೂ ಹೇಳು ಎಂದು ನನಗೇ ಹೇಳಿ ಹೋದರು. ಈಗ ಅವರಿಲ್ಲ. ಗುಟ್ಟು ತಿಳಿದವರು ನಾವಿಬ್ಬರೇ ಉಳಿದೆವು.

ಇಷ್ಟು ಬರೆದು ಶಾರದೆಗೆ ತೋರಿಸಿದೆ. ಆಕೆ ಹುಟ್ಟೂರಲ್ಲಿ ಮರಾಠಿ ಶಾಲೆಯಲ್ಲಿ ಕಲಿತವಳು, ಕನ್ನಡ ಓದಲು ನಾನು ಕಲಿಸಿದ್ದು. ಓದಿ ಮುಗಿಸಿ, ಅಣ್ಣನ ಕೈಗೆ ಸಿಕ್ಕರೆ ಏನು ಗತಿ ಎಂದು ಕೇಳಿದಳು. ನಾನು ಆಕೆಗೆ ಧೈರ್ಯ ಹೇಳಿದೆ. ಬಸಣ್ಣನೂ ಅದೇ ಶಾಲೆಯವನು. ಅವನು ಕನ್ನಡದಲ್ಲಿ ಮಾತಾಡುತ್ತಾನೆ, ಬೈಯುತ್ತಾನೆ, ಲೆಕ್ಕ ಹಾಕುತ್ತಾನೆ, ಕನಸೂ ಕಾಣುತ್ತಾನೆ, ಅಕ್ಷರ ಮಾತ್ರ ಒಂದೂ ಬರುವುದಿಲ್ಲ. ಇದು ಅಚ್ಚಾದ ಮೇಲೆ ಪುಸ್ತಕವನ್ನು ನಾನೇ ಅವನಿಗೆ ಕೊಡುತ್ತೇನೆ. ಅವನು ನನ್ನ ಹೆಸರನ್ನು ಮುಟ್ಟಿ ನೋಡಿ, ತಂಗಿಯ ಗಂಡ ಬರೆದದ್ದು ಎಂದು ಮಿಲ್ಲಿನವರಿಗೆಲ್ಲ ತೋರಿಸುತ್ತಾನೆ. ನೀವು ಉದಗೀರದವರಾಗಿದ್ದು, ಅವನು ಈ ಪುಟ ತೆರೆದು ಇಲ್ಲಿ ಏನು ಬರದದ ಎಂದು ಕೇಳಿದರೆ, ಮಾಮಾ ಮೊದಲ ತುತ್ತು ತಿನ್ನಿಸಿದ ಕತೆ ಎಂದು ಓದಿ ಹೇಳಿ.